ಎದುರಾಳಿ ಕಾಣದ ಆಟ

ನಾನು ಅಧ್ಯಾಪಕನಾಗಿದ್ದ ಕಾಲೇಜಿನಲ್ಲಿ ಗುಮಾಸ್ತರೊಬ್ಬರಿದ್ದರು. ಅವರ ಜೇಬಿನಲ್ಲಿ ಸದಾ ಒಂದು ಟಿಪ್ಪಣಿ ಪುಸ್ತಕ. ಯಾವ ಕುದುರೆ ಎಷ್ಟು ತೂಕ ಹೊತ್ತು ಎಷ್ಟು ದೂರ ಓಡಿತು, ಸವಾರ ಯಾರು, ನೆಲ ಒದ್ದೆಯಾಗಿತ್ತೋ ಒಣಗಿತ್ತೋ, ಎಲ್ಲವೂ ಅದರಲ್ಲಿ. ‘ಮೇಷ್ಟ್ರೇ, ನಿಮ್ಮ ಪಂಪನಿಗೂ ಇಷ್ಟು ಪಾಠಾಂತರಗಳಿರಲಾರವು’ ಎನ್ನುತ್ತಿದ್ದರು. ಒಮ್ಮೆ ಅವರು ಹಣ ಕಟ್ಟಿದ ಕುದುರೆಯೇ ಮೊದಲು ಬಂದಿತು. ಕೈಗೆ ಬಂದದ್ದು ಹತ್ತು ರೂಪಾಯಿಗೆ ಹನ್ನೊಂದು ರೂಪಾಯಿ ಚಿಲ್ಲರೆ. ‘ಗೆದ್ದೂ ಸೋತೆ’ ಎಂದು ಮಂಕಾದರು. ಆ ಮಾತೇ ನನ್ನನ್ನು ಈ ಚರಿತ್ರೆಯ ಕಡೆಗೆ ಎಳೆಯಿತು.

ರೇಸಿನಲ್ಲಿ ಹರಿಯುವ ಹಣ ಎರಡು ಬಗೆಯದು; ಎರಡನ್ನೂ ನಾವು ಬೆರೆಸಿಬಿಡುತ್ತೇವೆ. ಬಹುಮಾನ ಸಲ್ಲುವುದು ಕುದುರೆಯ ಒಡೆಯನಿಗೆ. ಅದರಲ್ಲೊಂದು ಪಾಲು ತರಬೇತುಗಾರನಿಗೆ, ಜಾಕಿಗೆ. ಕುದುರೆಗೆ ಮೇವು. ಹಿಂದೆ ಆ ಬಹುಮಾನವೂ ಒಡೆಯರ ಗಂಟೇ. 1780ರಲ್ಲಿ ಇಂಗ್ಲೆಂಡಿನ ಎಪ್ಸಮ್‌ನಲ್ಲಿ ಮೊದಲ ಡರ್ಬಿ ನಡೆದಾಗ 36 ಮಂದಿ ವಂತಿಗೆದಾರರು. ವಂತಿಗೆ 50 ಗಿನಿ, ಕುದುರೆಯನ್ನು ಓಡಿಸದವರಿಗೆ ಅದರರ್ಧ. ಓಡಿದವು ಒಂಬತ್ತು, ಗೆದ್ದದ್ದು ಡಯೊಮೆಡ್.

ಬೇಲಿಯಾಚೆ ನಿಂತು ಬಾಜಿ ಕಟ್ಟುವವನ ಲೆಕ್ಕ ಬೇರೆ. ಬುಕ್ಕಿಯಾದರೆ ದರವನ್ನು ಮೊದಲೇ ಹೇಳುತ್ತಾನೆ. ಎದುರಾಳಿ ಕಣ್ಣೆದುರಿಗೇ ಇರುತ್ತಾನೆ. 1860ರ ದಶಕದಲ್ಲಿ ಪ್ಯಾರಿಸ್ಸಿನ ಜೋಸೆಫ್ ಒಲೆರ್ ಇನ್ನೊಂದು ದಾರಿ ಹುಡುಕಿದ. ಎಲ್ಲರ ಹಣವನ್ನೂ ಒಂದೇ ರಾಶಿ ಮಾಡುವುದು, ಒಂದು ಭಾಗವನ್ನು ಮುರಿದುಕೊಳ್ಳುವುದು, ಉಳಿದದ್ದನ್ನು ಗೆದ್ದ ಕುದುರೆಯ ಮೇಲೆ ಕಟ್ಟಿದವರಿಗೆ ಹಂಚುವುದು. 1891ರಲ್ಲಿ ಫ್ರಾನ್ಸ್ ಇದಕ್ಕೆ ಕಾನೂನಿನ ಮನ್ನಣೆ ನೀಡಿತು. ರಾಶಿ 10,000 ರೂಪಾಯಿ, ಮುರಿದುಕೊಂಡದ್ದು 2,000 ಎನ್ನೋಣ. ಗೆದ್ದ ಕುದುರೆಯ ಮೇಲೆ 1,000 ಬಿದ್ದಿದ್ದರೆ ರೂಪಾಯಿಗೆ ಎಂಟು. 7,000 ಬಿದ್ದಿದ್ದರೆ ನಮ್ಮ ಗುಮಾಸ್ತರ ಗತಿ.

ಧರ್ಮರಾಯನ ಎದುರಿಗೆ ಶಕುನಿಯಾದರೂ ಕುಳಿತಿದ್ದ. ಇಲ್ಲಿ ಎದುರಾಳಿ ಕ್ಲಬ್ಬಲ್ಲ. ಪಕ್ಕದಲ್ಲೇ ನಿಂತು ಅದೇ ಟಿಪ್ಪಣಿ ಬರೆದುಕೊಂಡಿರುವ ಇನ್ನೊಬ್ಬ ಗುಮಾಸ್ತ. ಯಾರೇ ಗೆಲ್ಲಲಿ, ಆಡಿಸುವವನ ಭಾಗಕ್ಕೆ ಮೋಸವಿಲ್ಲ. ಇದು ಹಳೆಯ ಏರ್ಪಾಡು: ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ದ್ಯೂತಾಧ್ಯಕ್ಷನು ಗೆದ್ದ ಹಣದಲ್ಲಿ ನೂರಕ್ಕೆ ಐದರಂತೆ ತೆಗೆದುಕೊಳ್ಳುತ್ತಾನೆ.

ಈ ರಾಶಿಯನ್ನು ಕ್ಷಣಕ್ಷಣಕ್ಕೂ ಎಣಿಸುವ ಯಂತ್ರದ ಕಥೆ ವಿನೋದದ್ದು. ಆಸ್ಟ್ರೇಲಿಯಾದಲ್ಲಿ ನೆಲೆಸಿದ್ದ ಜಾರ್ಜ್ ಜೂಲಿಯಸ್ ಎಂಬ ಎಂಜಿನಿಯರು ಚುನಾವಣೆಯ ಮತ ಎಣಿಸಲೆಂದು ಒಂದು ಯಂತ್ರ ಕಲ್ಪಿಸಿದರು. ಸರ್ಕಾರ ಬೇಡವೆಂದಿತು. ಅದನ್ನೇ ಬಾಜಿಯ ಲೆಕ್ಕಕ್ಕೆ ತಿದ್ದಿದರು. 1913ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ಬಳಿಯ ಎಲರ್ಸ್ಲಿ ಮೈದಾನದಲ್ಲಿ ಅದು ಕೆಲಸಕ್ಕೆ ನಿಂತಿತು. ಅವರ ತಂದೆ ಅದೇ ನಾಡಿನ ಬಿಷಪ್ಪರು! ಮತವೋ ಬಾಜಿಯೋ, ಯಂತ್ರಕ್ಕೆ ಎರಡೂ ಜನಾಭಿಪ್ರಾಯವೇ.

1996ರಲ್ಲಿ ನಮ್ಮ ಸುಪ್ರೀಂ ಕೋರ್ಟು, ತಮಿಳುನಾಡಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ಕುದುರೆಪಂದ್ಯ ಪ್ರಧಾನವಾಗಿ ಕೌಶಲದ ಆಟವೆಂದು ತೀರ್ಪಿತ್ತಿತು. ಗುಮಾಸ್ತರಲ್ಲಿ ಆ ಕೌಶಲಕ್ಕೇನೂ ಕೊರತೆಯಿರಲಿಲ್ಲ. ಆದರೆ ಒಳ್ಳೆಯ ಕುದುರೆಯನ್ನು ಎಲ್ಲರೂ ಗುರುತಿಸಿದ ಮೇಲೆ ಗುರುತಿಸಿದ್ದಕ್ಕೆ ಬೆಲೆಯೆಲ್ಲಿ?

ನಿವೃತ್ತರಾದ ದಿನ ಅವರು ಆ ಪುಸ್ತಕವನ್ನು ನನ್ನ ಕೈಗಿತ್ತರು. ಪುಟಪುಟದಲ್ಲೂ ಕುದುರೆಗಳ ಲೆಕ್ಕ. ತಾವು ಕಟ್ಟಿದ ಹಣದ ಲೆಕ್ಕವನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ.