ದೆ ಆಂಡ್ರೆ ಮತ್ತು ಪ್ರೊಗ್ರೆಸಿವ್ ರಾಕ್

1970ರ ದಶಕದ ಇಟಲಿಯಲ್ಲಿ ಎರಡು ಸಂಗೀತ ಪರಂಪರೆಗಳು ಅಕ್ಕಪಕ್ಕದಲ್ಲೇ ಬೆಳೆದವು. ಸಾಹಿತ್ಯವನ್ನೂ ರಾಗವನ್ನೂ ತಾವೇ ಕಟ್ಟಿ ಹಾಡುವ ‘ಕಾಂತೌತೋರೆ’ಗಳದು ಒಂದು, ದೀರ್ಘ ರಚನೆ, ಪದೇ ಪದೇ ಬದಲಾಗುವ ಲಯ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಿಂದ ತಂದ ವಿಸ್ತಾರ ಇವುಗಳಿಂದ ಗುರುತಿಸಲಾಗುವ ಪ್ರೊಗ್ರೆಸಿವ್ ರಾಕ್ ಇನ್ನೊಂದು. ಜೆನೋವಾದ ಫಾಬ್ರಿಝಿಯೋ ದೆ ಆಂಡ್ರೆ (1940–1999) ಮೊದಲನೆಯ ಪರಂಪರೆಯ ಅಗ್ರಗಣ್ಯರು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಎರಡನೆಯದರಲ್ಲೂ ಅವರಿಗೆ ಸ್ಥಾನವಿದೆಯೇ ಎಂಬುದು ಚರ್ಚಾಸ್ಪದ.

ಸ್ಥಾನವಿದೆ ಎನ್ನುವವರು ಸಾಮಾನ್ಯವಾಗಿ ಮುಂದಿಡುವ ಆಧಾರ ಕಾನ್ಸೆಪ್ಟ್ ಆಲ್ಬಂ, ಅಂದರೆ ಒಂದೇ ವಸ್ತುವಿನ ಸುತ್ತ ಹೆಣೆದ ಹಾಡುಗಳ ಗುಚ್ಛ. 1968ರ ‘ತುತ್ತಿ ಮೊರಿಮ್ಮೋ ಆ ಸ್ತೆಂತೋ’ದಿಂದಲೇ ದೆ ಆಂಡ್ರೆ ಈ ರೂಪವನ್ನು ಬಳಸಿದ್ದರಾದರೂ, ಇಷ್ಟರಿಂದಲೇ ಒಬ್ಬರನ್ನು ಪ್ರೊಗ್ರೆಸಿವ್ ಎನ್ನುವುದಾದರೆ ಆ ಪದಕ್ಕೆ ಅರ್ಥವೇ ಉಳಿಯದು. ಎಡ್ಗರ್ ಲೀ ಮಾಸ್ಟರ್ಸ್ ಅವರ ‘ಸ್ಪೂನ್ ರಿವರ್’ ಕವನಗಳನ್ನು ಆಧರಿಸಿದ 1971ರ ಆಲ್ಬಂನ ಒಂಬತ್ತು ಹಾಡುಗಳಲ್ಲಿ ಹೆಚ್ಚಿನವು ಸರಳ ಕಥನಗೀತೆಗಳೇ. ಕನ್ನಡಕ ಮಾಡುವವನ ಹಾಡಾದ ‘ಊನ್ ಒತ್ತಿಕೋ’ದಲ್ಲಿ ಮಾತ್ರ, ಗಿರಾಕಿಗಳು ಒಬ್ಬೊಬ್ಬರಾಗಿ ತಾವು ಕಂಡದ್ದನ್ನು ಹೇಳುವಾಗ ಸಂಗೀತವೂ ದಿಕ್ಕು ಬದಲಿಸುತ್ತದೆ.

ಇದಕ್ಕಿಂತ ಗಟ್ಟಿಯಾದ ಆಧಾರವಿರುವುದು ಜೊತೆಗೆ ನುಡಿಸಿದವರಲ್ಲಿ. ಚರ್ಚು ಮಾನ್ಯಮಾಡದ ಸುವಾರ್ತೆಗಳಿಂದ ಕಥೆ ಎತ್ತಿಕೊಂಡ ‘ಲಾ ಬುವೊನಾ ನೊವೆಲ್ಲಾ’ (1970) ಆಲ್ಬಂಗೆ ವಾದ್ಯ ನುಡಿಸಿದ್ದು ‘ಈ ಕ್ವೆಲ್ಲಿ’ ಎಂಬ ತಂಡ. ಕೊಳಲು ನುಡಿಸಲು ಬಂದ ಮಾವ್ರೋ ಪಗಾನಿ ಅದನ್ನು ಸೇರಿಕೊಂಡ ಮೇಲೆ ಅದೇ ತಂಡ ಪ್ರೆಮಿಯಾತಾ ಫೊರ್ನೆರಿಯಾ ಮಾರ್ಕೋನಿ (ಪಿಎಫ್‌ಎಂ) ಎಂಬ ಹೆಸರಿನಲ್ಲಿ ಇಟಲಿಯ ಪ್ರೊಗ್ರೆಸಿವ್ ರಾಕ್‌ಗೆ ಹೊರದೇಶಗಳಲ್ಲೂ ಕೇಳುಗರನ್ನು ಸಂಪಾದಿಸಿತು. ಆದರೆ ಆ ಆಲ್ಬಂನಲ್ಲಿ ಅವರು ಹಾಡಿನ ಹಿಂದೆ ನಿಂತ ವಾದಕರಷ್ಟೆ.

ಅವರು ಮುಂದೆ ಬಂದದ್ದು 1978–79ರ ಚಳಿಗಾಲದ ಜಂಟಿ ಪ್ರವಾಸದಲ್ಲಿ, ಅದೂ ಪಗಾನಿ ತಂಡವನ್ನು ಬಿಟ್ಟ ನಂತರ. ‘ಇಲ್ ಪೆಸ್ಕತೋರೆ’ಯಂಥ ಸಣ್ಣ ಗೀತೆ ಅಲ್ಲಿ ಸಭಿಕರನ್ನು ಎಬ್ಬಿಸಿ ಕುಣಿಸುವ ರಾಕ್ ಆಯಿತು, ‘ಅಮೀಕೋ ಫ್ರಾಜಿಲೆ’ಯಲ್ಲಿ ಮಾತು ಮುಗಿದ ಮೇಲೆ ತಂಡದ ಫ್ರಾಂಕೋ ಮುಸ್ಸಿದಾ ಅವರ ಎಲೆಕ್ಟ್ರಿಕ್ ಗಿಟಾರ್ ಹಾಡನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಸಾಹಿತ್ಯವೂ ಹಾಡುಗಾರಿಕೆಯೂ ಹಳೆಯವೇ ಆಗಿದ್ದು, ಬದಲಾದದ್ದು ವಾದ್ಯಸಂಯೋಜನೆಯೊಂದೇ. ಫ್ಲಾರೆನ್ಸ್ ಮತ್ತು ಬೊಲೊನ್ಯಾಗಳಲ್ಲಿ ಧ್ವನಿಮುದ್ರಿಸಿ 1979ರಲ್ಲಿ ಹೊರತಂದ ಆಲ್ಬಂನ ಶೀರ್ಷಿಕೆಯಲ್ಲೇ ಸಂಯೋಜನೆ ಪಿಎಫ್‌ಎಂನದು ಎಂದು ಅಚ್ಚಾಗಿದೆ. ಲೆಕ್ಕ ಇಷ್ಟು ಪ್ರಾಮಾಣಿಕವಾಗಿ ಒಪ್ಪಿಸಿದ ಆಲ್ಬಂಗಳು ಅಪರೂಪ.

ದೆ ಆಂಡ್ರೆ ಮುಂದೆ ಅದೇ ಪಗಾನಿಯೊಡನೆ, ಜೆನೋವಾದ ಆಡುನುಡಿಯಲ್ಲಿ, ಮೆಡಿಟರೇನಿಯನ್ ವಾದ್ಯಗಳನ್ನು ಬಳಸಿ ‘ಕ್ರೂಜಾ ದೆ ಮಾ’ (1984) ಮಾಡಿದಾಗ ರಾಕ್‌ನ ಸುಳಿವೂ ಉಳಿದಿರಲಿಲ್ಲ. ಆದ್ದರಿಂದ ಪಿಎಫ್‌ಎಂ ಜೊತೆಗಿನ ಧ್ವನಿಮುದ್ರಣಗಳನ್ನು ಪ್ರೊಗ್ರೆಸಿವ್ ರಾಕ್‌ನ ಇತಿಹಾಸಕ್ಕೆ ಸೇರಿಸುವುದು ನ್ಯಾಯ; ದೆ ಆಂಡ್ರೆ ಅವರನ್ನು ಸೇರಿಸಲಾಗದು.