ಪತಂಗ ಸಾಕಣೆ, ದಕ್ಷಿಣ ಬೆಂಗಳೂರಿನಲ್ಲಿ

ಗಿಡದ ಮೇಲೆ ಸಿಕ್ಕ ಮರಿಹುಳುವನ್ನು ಸಾಕಿ, ಕೋಶದಿಂದ ಹೊರಬಂದ ಪತಂಗವನ್ನು ನೋಡಿ ಅದರ ಜಾತಿಯನ್ನು ಗುರುತಿಸುವ ಹವ್ಯಾಸ ಹಾಗೂ ಅಧ್ಯಯನ ಕ್ರಮ. ಜಯನಗರ, ಜೆ.ಪಿ. ನಗರ, ಬನಶಂಕರಿಯ ಕೈತೋಟಗಳಲ್ಲಿ ಇದಕ್ಕೆ ಒದಗುವ ಒಳ್ಳೆಯ ಉದಾಹರಣೆ ಒಲಿಯಾಂಡರ್ ಹಾಕ್ ಮಾತ್. ಲಿನೇಯಸ್ 1758ರಲ್ಲಿ ಹೆಸರಿಸಿದ ಈ ಜಾತಿಯ ಹುಳು ಕಣಗಿಲೆ, ನಂದಿಬಟ್ಟಲಿನ ಎಲೆ ತಿನ್ನುತ್ತದೆ. ಹಸಿರು ಮೈ, ತಲೆಯ ಹಿಂದೆ ಕಣ್ಣುಗಳಂತೆ ಕಾಣುವ ಎರಡು ನೀಲಿ-ಬಿಳಿ ಮಚ್ಚೆ, ಹಿಂತುದಿಯಲ್ಲಿ ಕಿರುಕೊಂಬು ಇದರ ಗುರುತು. ಕೋಶವಾಗುವ ಮುನ್ನ ಮೈ ಕಂದಾಗುತ್ತದೆ; ಹುಳು ಗಿಡದಿಂದಿಳಿದು ತರಗೆಲೆಯಡಿ ಸೇರುತ್ತದೆ.

ಸಾಕಣೆ: ಗಾಳಿಯಾಡುವ ಡಬ್ಬ, ಹುಳು ಸಿಕ್ಕ ಗಿಡದ್ದೇ ತಾಜಾ ಎಲೆ, ತಳದಲ್ಲಿ ತುಸು ತೇವದ ಮಣ್ಣು, ಪತಂಗ ಹತ್ತಿ ರೆಕ್ಕೆ ಅರಳಿಸಲು ಕಡ್ಡಿ ಬೇಕು. ಹಿಕ್ಕೆಯನ್ನು ದಿನವೂ ತೆಗೆಯಬೇಕು. ಕಣಗಿಲೆ ವಿಷಗಿಡವಾದ್ದರಿಂದ ಕೈ ತೊಳೆಯಬೇಕು. ನುಗ್ಗೆಮರದ ಕಂಬಳಿಹುಳುವನ್ನು ಬರಿಗೈಯಲ್ಲಿ ಮುಟ್ಟಬಾರದು.

ದಾಖಲೆ: ಆಹಾರದ ಗಿಡ, ಸ್ಥಳ, ದಿನಾಂಕ, ಪ್ರತಿ ಹಂತದ ಚಿತ್ರ ಮುಖ್ಯ. ಪತಂಗದ ಬದಲು ಪರಾವಲಂಬಿ ಕಣಜ ಹೊರಬಂದರೆ ಅದನ್ನೂ ಬರೆದಿಡಬೇಕು. ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ.ಆರ್. ಬೆಲ್ ಹೀಗೆ ಹುಳು ಸಾಕಿ ಕಲೆಹಾಕಿದ ವಿವರಗಳು, ಅವರು ಎಫ್.ಬಿ. ಸ್ಕಾಟ್ ಜೊತೆ ಬರೆದ, 1937ರಲ್ಲಿ ಪ್ರಕಟವಾದ ಹಾಕ್ ಮಾತ್‌ಗಳ ಸಂಪುಟದಲ್ಲಿವೆ. ಗುರುತಿಸಿದ ಪತಂಗವನ್ನು ಹುಳು ಸಿಕ್ಕ ಜಾಗದಲ್ಲೇ ಮುಸ್ಸಂಜೆ ಬಿಡಬೇಕು.