ಬೀಡು ಹಳೆಯದಾದ ಮೇಲೆ ಮನೆ ಎಲ್ಲಿ?

ಬಿಟ್ಟುಹೋದ ಊರಿಗೆ ಮರಳಿ ಬಂದು ಎಲ್ಲಿ ನೆಲೆಸುವುದೆಂದು ಲೆಕ್ಕ ಹಾಕುವ ಕಷ್ಟ ಅರಸರನ್ನೂ ಬಿಟ್ಟಿಲ್ಲ. 1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ, ಅಂದರೆ ಇಂದಿನ ಹಳೇಬೀಡಿಗೆ, ಬಂದಾಗ ಹೊಯ್ಸಳ ದೊರೆ ಮೂರನೆಯ ಬಲ್ಲಾಳ ಸಂಪತ್ತು ಒಪ್ಪಿಸಿ ರಾಜಿಯಾದ. ಮಗ ವಿರೂಪಾಕ್ಷ ಬಲ್ಲಾಳ ದೆಹಲಿಗೆ ಹೋಗಬೇಕಾಯಿತು; ಅವನು ಮರಳಿದ್ದು 1313ರಲ್ಲಿ. ಹಾಳಾದ ರಾಜಧಾನಿಯನ್ನು ಬಲ್ಲಾಳ ಮತ್ತೆ ಎತ್ತಿ ನಿಲ್ಲಿಸಿದ. 1327ರ ಸುಮಾರಿಗೆ ತುಘಲಕ್ ಸೈನ್ಯ ಅದನ್ನು ಇನ್ನೊಮ್ಮೆ ತುಳಿಯಿತು. ಆಮೇಲೆ ಬಲ್ಲಾಳ ಈ ಊರಿನ ಆಸೆ ಬಿಟ್ಟ. ತಿರುವಣ್ಣಾಮಲೈಯಲ್ಲಿ ಬೀಡು ಮಾಡಿ, ಮಧುರೆಯ ಸುಲ್ತಾನರ ಮೇಲಿನ ಯುದ್ಧದಲ್ಲೇ ಮಡಿದ.

ಅರಸನಿಗೆ ಇನ್ನೊಂದು ಊರಿತ್ತು. ದೋರಸಮುದ್ರದ ಒಕ್ಕಲಿಗ, ಕುಂಬಾರ, ಅಗಸನಿಗೆ?

ಹೊಯ್ಸಳರು ಮನೆ ಬದಲಿಸುವುದರಲ್ಲಿ ಹಳಬರು. ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದರೆ ಆಗಿನ ಸೊಸೆವೂರು, ಅವರ ಮೊದಲ ನೆಲೆ. ಅಲ್ಲಿಂದ ಯಗಚಿ ದಂಡೆಯ ಬೇಲೂರಿಗೆ ಇಳಿದರು, ಬೇಲೂರಿನಿಂದ ದೋರಸಮುದ್ರಕ್ಕೆ ಬಂದರು. ನಡುವೆ ಸೋಮೇಶ್ವರನೆಂಬ ದೊರೆ ಶ್ರೀರಂಗದ ಬಳಿಯ ಕಣ್ಣಾನೂರಿನಲ್ಲೇ ಹೆಚ್ಚು ಕಾಲ ಉಳಿದ. ಅವನ ನಂತರ ರಾಜ್ಯವೇ ಇಬ್ಬರು ಮಕ್ಕಳ ನಡುವೆ ಹಂಚಿಹೋಯಿತು. ಇಷ್ಟೆಲ್ಲ ಓಡಾಟದ ನಡುವೆಯೂ ದೋರಸಮುದ್ರ ಏಕೆ ಮತ್ತೆ ಮತ್ತೆ ಎಳೆಯಿತು ಎಂದರೆ, ಅಲ್ಲಿ ಕೆರೆಯಿತ್ತು. ಹೊಯ್ಸಳರು ಬರುವ ಮೊದಲೇ ಇದ್ದ ದೊಡ್ಡ ಕೆರೆ. ಮಲೆನಾಡು ಮುಗಿದು ಬಯಲು ತೊಡಗುವ ಅಂಚಿನಲ್ಲಿ ಗದ್ದೆಗೆ ನೀರು, ದಂಡಿಗೆ ಬಯಲು, ವರ್ತಕರಿಗೆ ದಾರಿ, ಮೂರೂ ಒಂದೇ ಕಡೆ ಸಿಗುತ್ತಿದ್ದವು.

ಆ ಪಟ್ಟಣದ ಮನೆಗಳು ಉಳಿದಿಲ್ಲ. ಮಣ್ಣು, ಮರ, ಹುಲ್ಲಿನ ಮಾಡು ಎಂಟು ನೂರು ವರ್ಷ ಬಾಳುವುದಿಲ್ಲ. ಉಳಿದಿರುವುದು ದೇವಸ್ಥಾನಗಳು, ಕೇರಿಗಳನ್ನು ಗುರುತಿಸಲು ಅವೇ ದಿಕ್ಕು. ಅಧಿಕಾರಿ ಕೇತಮಲ್ಲನ ಹೆಸರಿನೊಂದಿಗೆ ಬೆಸೆದಿರುವ ಹೊಯ್ಸಳೇಶ್ವರ ಕೆರೆಯ ಪಕ್ಕದಲ್ಲಿದೆ. ವರ್ತಕ ಸಂಘಗಳ ನೆನಪು ತರುವ ನಗರೇಶ್ವರದ ಜಾಗದಲ್ಲಿ ಈಗ ಅಗೆದು ತೆಗೆದ ನೆಲಗಟ್ಟುಗಳಷ್ಟೇ ಕಾಣುತ್ತವೆ. ಬೆಣ್ಣೆಗುಡ್ಡದ ದಿಬ್ಬದ ಮೇಲೆ ಅರಮನೆಯಿತ್ತೆಂದು ಹೇಳುತ್ತಾರೆ. ಊರಾಚೆ ಹುಳಿಕೆರೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕೊಳ, ಅದರ ಸುತ್ತ ಪುಟ್ಟ ಗುಡಿಗಳು.

ಬಸದಿಹಳ್ಳಿಯ ಬಳಿ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಒಂದೇ ಆವರಣದಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳಿವೆ. ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ ಮಗ ಬೊಪ್ಪದೇವ ಅಪ್ಪನ ನೆನಪಿಗಾಗಿ 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಕೈಗೆ ಬಂದ ಹೊತ್ತಿಗೇ ದೊರೆ ವಿಷ್ಣುವರ್ಧನನಿಗೆ ಯುದ್ಧದ ಗೆಲುವಿನ ಸುದ್ದಿಯೂ ಮಗ ಹುಟ್ಟಿದ ಸುದ್ದಿಯೂ ಬಂದವಂತೆ. ದೇವರಿಗೆ ವಿಜಯಪಾರ್ಶ್ವ, ಮಗನಿಗೆ ವಿಜಯನರಸಿಂಹ ಎಂದು ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ಒಳಗಿನ ಕಪ್ಪು ಕಂಬಗಳಿಗೆ ಎಷ್ಟು ಹೊಳಪು ಕೊಟ್ಟಿದ್ದಾರೆಂದರೆ, ಎದುರು ನಿಂತವರ ಮುಖ ಈಗಲೂ ಕಾಣುತ್ತದೆ. ಅರಮನೆ ಹೋಯಿತು, ಪೇಟೆ ಹೋಯಿತು, ದೇವರ ಸುತ್ತಿನ ಹಳ್ಳಿ ಮಾತ್ರ ಬಸದಿಯ ಹೆಸರು ಹೊತ್ತು ಉಳಿಯಿತು. ರಾಜಧಾನಿ ಬಿದ್ದಾಗ ಉಳಿಯುವುದು ಇಂಥ ಕೇರಿಗಳೇ.

ಬೇಲೂರಿನ ಕತೆ ಬೇರೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಪೂಜೆ ನಿಲ್ಲಲಿಲ್ಲ. ಆದ್ದರಿಂದ ಊರೂ ಅಳಿಯಲಿಲ್ಲ. ದಾಳಿಯಲ್ಲಿ ಹಾಳಾದ ಗೋಪುರವನ್ನು ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಮತ್ತೆ ಕಟ್ಟಿಸಿದ. ಹದಿನಾರನೆಯ ಶತಮಾನದಲ್ಲಿ ಸೀಮೆ ವಿಜಯನಗರದ ಸಾಮಂತ ಕೃಷ್ಣಪ್ಪನಾಯಕನ ಕೈಗೆ ಬಂತು. ತೇರು, ಜಾತ್ರೆ, ದೇವರ ಜಮೀನಿನ ಗೇಣಿ, ಹೂವು ಹಣ್ಣಿನ ಅಂಗಡಿ ಇವೆಲ್ಲ ಇದ್ದ ಕಡೆ ಬಾಡಿಗೆಗೆ ಬರುವವನಿಗೂ ದುಡಿಮೆಗೆ ದಾರಿಯಿರುತ್ತದೆ. ಅರಸ ಇಲ್ಲದಿದ್ದರೂ ಬೇಲೂರು ಊರಾಗಿಯೇ ಉಳಿದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ಅರಸೀಕೆರೆಗೂ ಹೊಯ್ಸಳ ಕಾಲದ ಮೆರುಗಿದೆ. ಹದಿಮೂರನೆಯ ಶತಮಾನದ ಈಶ್ವರ ದೇವಾಲಯದ ಹದಿನಾರು ಮೂಲೆಯ ನಕ್ಷತ್ರಾಕಾರದ ಮಂಟಪವನ್ನು ನೋಡಲೆಂದೇ ಬರುವವರಿದ್ದಾರೆ. ರೇಚರಸ 1220ರಲ್ಲಿ ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಇಲ್ಲಿದೆ. ಆದರೆ ಈ ಬಯಲುಸೀಮೆಯ ಊರಿಗೆ ಎರಡನೆಯ ಹುಟ್ಟು ಕೊಟ್ಟದ್ದು ರೈಲು. ಬೆಂಗಳೂರಿನಿಂದ ಹರಿಹರದವರೆಗಿನ ಮೀಟರ್ ಗೇಜ್ ದಾರಿ 1889ರಲ್ಲಿ ಮುಗಿಯಿತು. ಮುಂದೆ ಹಾಸನ, ಮೈಸೂರಿನ ಕಡೆಯ ಹಳಿಯೂ ಇಲ್ಲೇ ಬಂದು ಸೇರಿ ಅರಸೀಕೆರೆ ಜಂಕ್ಷನ್ ಆಯಿತು. ತೆಂಗಿನಕಾಯಿ, ಕೊಬ್ಬರಿಗೆ ಮಾರುಕಟ್ಟೆ ಬೆಳೆಯಿತು. ಮಂಡಿ, ಹಮಾಲರು, ರೈಲ್ವೆ ಕ್ವಾರ್ಟರ್ಸ್, ರಾತ್ರಿ ಗಾಡಿಗೆ ಕಾಯುವವರ ಹೋಟೆಲು ಎಲ್ಲ ಬಂದವು. ಹಳೆಯ ಊರು ಕೆರೆ, ಗುಡಿಗಳ ಮಗ್ಗುಲಲ್ಲಿತ್ತು. ಹೊಸ ಊರು ಸ್ಟೇಷನ್ನಿನ ಕಡೆ ಮುಖ ಮಾಡಿತು.

ಆ ಲಾಭವೂ ಶಾಶ್ವತವೇನಲ್ಲ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಬೆಂಗಳೂರು–ಹಾಸನ ದಾರಿ ತೆರೆದುಕೊಂಡಿತು. ಬೆಂಗಳೂರಿನಿಂದ ಹಾಸನಕ್ಕೆ ರೈಲಿನಲ್ಲಿ ಹೋಗುವವರಿಗೆ ಅರಸೀಕೆರೆಯ ದಾರಿ ಅನಿವಾರ್ಯವಾಗಿ ಉಳಿಯಲಿಲ್ಲ.

ನೀರಿನ ಮಾತು ಮಾತ್ರ ಅಂದಿನಂತೆಯೇ ಇದೆ. ಹೊಯ್ಸಳರನ್ನು ಸೆಳೆದ ಅದೇ ಕೆರೆಗೆ ಯಗಚಿ ನೀರು ಹರಿಯಲಿ ಎಂದು ಹಳೇಬೀಡಿನ ರೈತರು ರಣಘಟ್ಟ ಯೋಜನೆಗಾಗಿ ಬೀದಿಗಿಳಿದದ್ದು ಮೊನ್ನೆ ಮೊನ್ನೆಯ ಸಂಗತಿ.

ಇಂದು ಬೆಂಗಳೂರು ಬಿಟ್ಟು ಹುಟ್ಟೂರಿಗೆ ಮರಳುವವರಿಗೆ ಇನ್ನೊಂದು ಲೆಕ್ಕ ಸೇರಿದೆ. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು ಎಂದು ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಹೇಳುತ್ತದೆ. ಬೇಲೂರಿನಲ್ಲಿ ಗುಡಿಯ ಸುತ್ತಲೇ ಹಳೆಯ ಮನೆಗಳಿರುವುದರಿಂದ, ಅಜ್ಜನ ಮನೆಯನ್ನು ಕೆಡವಿ ಮಹಡಿ ಎಬ್ಬಿಸುವ ಆಸೆ ಅಲ್ಲಿ ಸುಲಭಕ್ಕೆ ಕೈಗೂಡದು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು ಯುನೆಸ್ಕೋ ಪಟ್ಟಿ ಸೇರಿದ ಮೇಲೆ ನಿಯಮ ಸಡಿಲವಾಗುವ ಮಾತಂತೂ ಇಲ್ಲ. ಆದ್ದರಿಂದ ಬೇಲೂರಿನಲ್ಲೋ ಹಳೇಬೀಡಿನಲ್ಲೋ ನಿವೇಶನ ನೋಡುವವರು ಬೆಲೆ ಕೇಳುವ ಮೊದಲು ಸ್ಮಾರಕದ ಗಡಿಯಿಂದ ಟೇಪು ಹಿಡಿದು ಅಳೆಯಲಿ. ಅರಸೀಕೆರೆಯಲ್ಲಾದರೆ ಕೊಳಾಯಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಪಕ್ಕದ ಮನೆಯವರನ್ನು ವಿಚಾರಿಸಲಿ.